ನೌರಾ ದೋಣಿಯಲ್ಲಿ ಸಂಸಾರ

ಖದೀಜತ್ ತನ್ನ ಗಂಡನ ಮನೆಯನ್ನು ಮೊದಲ ಸಲ ಕಂಡಾಗ ಅದು ಕಬ್ಬಿಣದ ಕಂಬಗಳ ಆಸರೆಯಲ್ಲಿ, ನೆಲದಿಂದ ಒಂದಾಳೆತ್ತರಕ್ಕೆ ನಿಂತಿತ್ತು. ಅದೊಂದು ಹಳೆಯ ಮರದ ದೋಣಿ. ತುಂಬಾ ಉದ್ದ, ಅಗಲ ಮಾತ್ರ ಕಡಿಮೆ. ಹತ್ತುವುದಕ್ಕೆ ಒಂದು ಏಣಿ. ಸುತ್ತ ಮರಳು, ಡೀಸೆಲ್ ವಾಸನೆ, ಬಣ್ಣದ ಖಾಲಿ ಡಬ್ಬಗಳು.

"ನೀರಿನ ಮೇಲೆ ಇರೋದು ಅಂದಿದ್ರಲ್ಲ, ನೀರೆಲ್ಲಿ?" ಎಂದು ಕೇಳಿದಳು.

"ಅಲ್ಲುಂಟು," ಗಂಡ ಮೊಯಿದಿನಬ್ಬ ದೋಣಿ ರಿಪೇರಿಯ ಯಾರ್ಡಿನ ಬೇಲಿಯಾಚೆ ಕೈ ತೋರಿಸಿದ. "ರಿಪೇರಿಗೆ ಮೇಲೆ ಎಳೆದದ್ದು. ನೀನು ಬರುವ ಮೊದಲೇ ಇಳಿಸ್ಬೇಕಿತ್ತು. ಇಳಿಸುವ ಕ್ರೇನೇ ಹಾಳಾಗಿ ಕೂತಿದೆ, ಎಂತ ಮಾಡುದು?"

ಖದೀಜತ್‌ಗೆ ಒಳಗೊಳಗೇ ಸಮಾಧಾನವಾಗಿತ್ತು. ವಿಟ್ಲದ ಕಡೆಯ ಗುಡ್ಡದಲ್ಲಿ ಹುಟ್ಟಿ ಬೆಳೆದವಳು ಅವಳು. ಬಾವಿಯ ನೀರು ಬಿಟ್ಟರೆ ಬೇರೆ ನೀರಿನ ಸ್ನೇಹ ಅವಳಿಗಿರಲಿಲ್ಲ. ಮಂಗಳೂರಿನ ಬೆಂಗ್ರೆಗೆ ಸೊಸೆಯಾಗಿ ಬಂದ ಮೇಲೂ ಪೇಟೆಗೆ ಹೋಗಲು ಫೆರಿ ಹತ್ತುವಾಗ ಕಣ್ಣು ಮುಚ್ಚಿ ಕೂರುತ್ತಿದ್ದವಳು.

ಮೊಯಿದಿನಬ್ಬ ಅದೇ ಬೆಂಗ್ರೆಯವನು. ತಂದೆ ಮರದ ದೋಣಿಗಳ ರಿಪೇರಿ ಮಾಡುತ್ತಿದ್ದರು. ಫೈಬರ್ ದೋಣಿಗಳು ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಮಗ ಸೌದಿಗೆ ಬಂದ. ಮೊದಲು ತಾಯಿಫ್‌ನ ಒಂದು ಅಂಗಡಿಯಲ್ಲಿ ಸಾಮಾನು ಸಾಗಿಸುವ ಕೆಲಸ. ಅಲ್ಲಿನ ಚಳಿ ಅವನಿಗೆ ಹಿಡಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ತಿರುಗಿದರೂ ಬೆಟ್ಟವೇ ಕಾಣುವುದು ಹಿಡಿಸಲಿಲ್ಲ. ಒಮ್ಮೆ ಅಂಗಡಿಯ ಸಾಮಾನು ಇಳಿಸಲು ರಾಬಿಗ್‌ಗೆ ಬಂದವನು, ಊರಿನ ಹೊರಗೆ ಸಮುದ್ರ ಒಳನುಗ್ಗಿ ಮಾಡಿದ ಹಿನ್ನೀರಿನಲ್ಲಿ ಈ ದೋಣಿಯನ್ನು ಕಂಡ. ಹತ್ತಿರ ಹೋಗಿ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಾಗ ಹಿಂದಿನಿಂದ ಒಬ್ಬ ಮುದುಕರು, "ಏನು ಹೇಳ್ತದೆ ಅದು?" ಎಂದು ಅರಬಿಯಲ್ಲಿ ಕೇಳಿದರು.

"ಬದುಕಿದೆ. ಆದರೆ ಬಾಯಾರಿದೆ," ಎಂದ ಮೊಯಿದಿನಬ್ಬ.

ಆ ಮುದುಕರು ಅಬೂ ಫಹದ್. ಅವರ ತಂದೆ ಮುತ್ತು, ಮೀನು ಎಂದು ತಿರುಗಾಡಿದ್ದ ದೋಣಿ ಅದು. ಅವರು ಅದಕ್ಕೆ ಕೋಣೆ, ಒಲೆ, ಎರಡು ಮಂಚ ಕಟ್ಟಿಸಿ, ಹೆಂಡತಿಯ ಹೆಸರನ್ನೇ ಇಟ್ಟಿದ್ದರು: ನೌರಾ. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳು ಮಾರಿಬಿಡಿ ಎಂದರೂ ಅವರು ಕೇಳಿರಲಿಲ್ಲ. "ಜನ ಇಲ್ಲದ ದೋಣಿ ಬೇಗ ಕೊಳೆಯುತ್ತದೆ, ಇದರಲ್ಲಿ ವಾಸ ಮಾಡುವವನೊಬ್ಬ ಬೇಕು," ಎಂದರು. ಹೀಗೆ ಅಬೂ ಫಹದ್ ಅವನ ವೀಸಾದ ಹೊಣೆ ಹೊತ್ತ ಕಫೀಲ್ ಆದರು, ದೋಣಿ ಅವನ ಮನೆಯಾಯಿತು.

ಅದರಲ್ಲಿ ವಾಸ ಮಾಡುವುದೆಂದರೆ ದಿನವೂ ಅದರ ಚಾಕರಿ ಮಾಡುವುದು. ಎದ್ದ ಕೂಡಲೇ ತಳದ ಹಲಗೆ ಎತ್ತಿ ಎಷ್ಟು ನೀರು ಒಸರಿದೆ ಎಂದು ನೋಡಿ ಪಂಪು ಹಾಕಬೇಕು. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ತರಬೇಕು. ಬಿಸಿಲಿಗೆ ಒಡೆಯದಂತೆ ಮರಕ್ಕೆ ಮೀನೆಣ್ಣೆ ತಿಕ್ಕಬೇಕು. ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆ ಎತ್ತಿಸಿ, ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು, ಸಂದುಗಳಿಗೆ ಹತ್ತಿಯ ಹುರಿ ತುರುಕಿ, ಬಣ್ಣ ಬಳಿಯಬೇಕು. ವಾರಕ್ಕೊಮ್ಮೆ ಅಬೂ ಫಹದ್ ಬಂದು, ಒಂದು ಕಪ್ ಕಾವಾ ಎಂಬ ಅರಬಿ ಕಾಫಿ ಕುಡಿದು, ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಹೋಗುತ್ತಿದ್ದರು.

ಒಂದು ದಿನ ಹಾಗೆ ಕೂತಿದ್ದವರು ಕೇಳಿದರು: "ನಿನ್ನ ಹೆಂಡತಿ ಯಾಕೆ ಇಲ್ಲಿಗೆ ಬಂದಿಲ್ಲ?"

"ಎಲ್ಲಿ ಇರಿಸಲಿ, ಅಬೂ ಫಹದ್?"

"ಎರಡು ಮಂಚ ಇದೆಯಲ್ಲ?"

ವಿಸಿಟ್ ವೀಸಾವನ್ನು ಅವರೇ ಮಾಡಿಸಿದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಗಂಡ ಹೆಂಡತಿ ಒಟ್ಟಿಗಿದ್ದದ್ದು ರಜೆಗಳಲ್ಲಿ ಮಾತ್ರ. ಮಗಳು ರಮ್ಲತ್ ದೇರಳಕಟ್ಟೆಯಲ್ಲಿ ನರ್ಸಿಂಗ್ ಸೇರಿ ಹಾಸ್ಟೆಲಿನಲ್ಲಿದ್ದಳು. ಖದೀಜತ್‌ಗೆ ಬರುವುದಿಲ್ಲ ಎನ್ನಲು ಹೆದರಿಕೆ ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಹಾಗೆ ಬಂದವಳು ನೆಲದ ಮೇಲಿನ ದೋಣಿಯಲ್ಲಿ ಸಂಸಾರ ಹೂಡಿದಳು. ಏಣಿ ಹತ್ತಿ ಇಳಿಯುವುದು ಅಭ್ಯಾಸವಾಯಿತು. ತಲೆ ಬಗ್ಗಿಸದೆ ನಡೆದು ಎರಡು ಸಲ ಹಣೆ ಹೊಡೆಸಿಕೊಂಡಳು. ಒಂದೇ ಉರಿಯ ಒಲೆಯಲ್ಲಿ ಅಕ್ಕಿ ಹಿಟ್ಟಿನ ಪತ್ತಿರ್ ಸುಡುವುದು, ನಾಲ್ಕು ಚೊಂಬು ನೀರಿನಲ್ಲಿ ಪಾತ್ರೆಯನ್ನೆಲ್ಲ ತೊಳೆಯುವುದು ಕಲಿತಳು. ಕ್ರೇನ್ ಮಾತ್ರ ಸರಿಯಾಗಲಿಲ್ಲ. ಆಗಸ್ಟಿನ ಬಿಸಿಲಿಗೆ ಹಲಗೆಗಳು ಒಣಗಿ ಕುಗ್ಗತೊಡಗಿದವು. ಇಬ್ಬರೂ ಸೇರಿ ಬೆಳಿಗ್ಗೆ ಸಂಜೆ ದೋಣಿಗೆ ಗೋಣಿಚೀಲ ಹೊದೆಸಿ ಸಮುದ್ರದ ನೀರು ಎರಚಿದರು. ನೆರಳಿದ್ದ ಬದಿ ಉಳಿಯಿತು. ಪಶ್ಚಿಮದ ಬದಿಯಲ್ಲಿ ಒಳಗಿನಿಂದ ನೋಡಿದರೆ ಸಂದಿನಲ್ಲಿ ಬೆಳಕು ಕಾಣುತ್ತಿತ್ತು.

ಕೊನೆಗೂ ಕ್ರೇನ್ ಸರಿಯಾದಾಗ ಮೊಯಿದಿನಬ್ಬ ಯಾರ್ಡಿನವರಲ್ಲಿ ಬೇಡಿಕೊಂಡ: "ಒಂದು ದಿನ ಕ್ರೇನಿನ ಪಟ್ಟಿಯಲ್ಲೇ ನೀರಲ್ಲಿ ತೂಗಲಿ. ಮರ ನೀರು ಕುಡಿದು ಉಬ್ಬಬೇಕು." ಬೇರೆ ದೋಣಿಗಳು ಸಾಲಾಗಿ ಕಾದಿದ್ದವು, ಆಗುವುದಿಲ್ಲ ಎಂದರು. ಅವನು ನೌರಾವನ್ನು ಇಳಿಸಿ, ಜೆಟ್ಟಿಯ ಪಕ್ಕ ಎದೆಮಟ್ಟದ ನೀರಿದ್ದಲ್ಲಿ ಕಟ್ಟಿದ. ಮುಳುಗಿದರೂ ಮರಳಿನ ಮೇಲೆ ಕೂರಲಿ ಎಂಬ ಲೆಕ್ಕ.

ನೀರು ಒಳಬರುತ್ತದೆಂದು ಅವನಿಗೆ ಗೊತ್ತಿತ್ತು. ಇಷ್ಟು ಬರುತ್ತದೆಂದು ಗೊತ್ತಿರಲಿಲ್ಲ. ತಳದಲ್ಲಿ ಗಂಟಲು ಮುಕ್ಕಳಿಸುವಂಥ ಸದ್ದು. ಸ್ವಲ್ಪ ಹೊತ್ತಿನಲ್ಲೇ ಪಂಪು ಸುಟ್ಟ ವಾಸನೆ ಬಿಟ್ಟು ನಿಂತಿತು.

"ಖದೀಜಾ, ನೀನು ಜೆಟ್ಟಿಗೆ ಹೋಗು," ಎಂದ.

"ನೀವು?"

"ನಾನು ನೀರು ತೋಡ್ತೇನೆ."

"ಒಬ್ಬರೇ?" ಅವಳು ಬುರ್ಖಾದ ತೋಳನ್ನು ಮೇಲೇರಿಸಿದಳು. "ಇಷ್ಟು ವರ್ಷ ನೀವು ಇಲ್ಲಿ, ನಾನು ಅಲ್ಲಿ. ಈಗ ಒಂದು ಮನೆ ಅಂತ ಆದಾಗ ದಡದಲ್ಲಿ ನಿಂತು ನೋಡ್ಬೇಕಾ? ಬಕೆಟ್ ಕೊಡಿ."

"ನಿನಗೆ ಹೆದರಿಕೆ ಅಲ್ವಾ?"

"ಉಂಟು. ಬಕೆಟ್ ಕೊಡಿ."

ಅವಳು ಮೊಣಕಾಲು ನೀರಿನಲ್ಲಿ ನಿಂತು ತುಂಬಿ ಕೊಟ್ಟಳು, ಅವನು ಚೆಲ್ಲಿದ. ನಡುವೆ ಅವನು ರಂಜಿತ್‌ಗೆ ಫೋನ್ ಮಾಡಿದ. ಉಡುಪಿ ಕಡೆಯ ರಂಜಿತ್ ರಾಬಿಗ್‌ನ ರಿಫೈನರಿಯಲ್ಲಿ ಎಲೆಕ್ಟ್ರಿಷಿಯನ್. ಮೀನು ಹಿಡಿಯುವ ಹುಚ್ಚಿಗೆ ಬಂದು ಗೆಳೆಯನಾದವನು. ಅವನು ಕ್ಯಾಂಪಿನ ಕಟ್ಟಡದ ಕೆಲಸದವರಿಂದ ಪೆಟ್ರೋಲ್ ಪಂಪೊಂದನ್ನು ಕೇಳಿ ಪಡೆದು, ಪಿಕಪ್‌ನಲ್ಲಿ ಹಾಕಿಕೊಂಡು ಓಡಿ ಬಂದ.

"ಎಂತ ಮೊಯಿದಿನಾಕ, ದೋಣಿಯನ್ನು ಬಾವಿ ಮಾಡಿದ್ದೀರಾ?" ಎನ್ನುತ್ತಲೇ ಪೈಪು ಇಳಿಬಿಟ್ಟ. "ಖದೀಜಕ್ಕ, ನೀವು ಸ್ವಲ್ಪ ಕೂತ್ಕೊಳ್ಳಿ."

"ಮೊದಲು ನಿನ್ನ ಮಿಷನ್ ಸ್ಟಾರ್ಟ್ ಆಗ್ಲಿ," ಎಂದಳು ಅವಳು.

ಪಂಪು ಹೊರಹಾಕುವಷ್ಟೇ ನೀರು ಒಳಬರುತ್ತಿತ್ತು. ಆಗ ಮೊಯಿದಿನಬ್ಬ ತಂದೆ ಮಾಡುತ್ತಿದ್ದ ಒಂದು ಉಪಾಯವನ್ನು ನೆನೆದ. ಯಾರ್ಡಿನ ಬಡಗಿಯಿಂದ ಎರಡು ಚೀಲ ಮರದ ಹುಡಿ ತಂದ. ಬುಟ್ಟಿಗೆ ಹುಡಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮುಳುಗಿ ಬಿಸಿಲಿಗೆ ಒಣಗಿದ್ದ ಬದಿಯ ತಳದಡಿಯಲ್ಲಿ ಕಟ್ಟು ಬಿಚ್ಚಿದ. ಒಳಗೆ ಹರಿಯುವ ನೀರೇ ಹುಡಿಯನ್ನು ಸಂದುಗಳಿಗೆ ಎಳೆದುಕೊಂಡಿತು. ಅವನು ಉಸಿರಿಗೆ ಮೇಲೆ ಬರುವಾಗಲೆಲ್ಲ ಖದೀಜತ್ ಇನ್ನೊಂದು ಬುಟ್ಟಿ ತುಂಬಿ ಹಿಡಿದಿರುತ್ತಿದ್ದಳು. ಒಳಗಿನಿಂದ ಸಂದಿನ ಮೇಲೆ ಅಂಗೈ ಇಟ್ಟು, "ಇಲ್ಲಿ ಕಡಿಮೆಯಾಯ್ತು! ಆ ಕಡೆ ಇನ್ನೂ ಉಂಟು!" ಎಂದು ಕೂಗಿ ಹೇಳುತ್ತಿದ್ದಳು.

ಸಂಜೆಯ ನಮಾಜಿನ ಬಾಂಗ್ ಆಗುವಾಗ ನೀರು ಪಾದದವರೆಗೆ ಇಳಿದಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಮರ ಉಬ್ಬಿ, ಹಲಗೆಗೆ ಹಲಗೆ ಬಿಗಿದುಕೊಂಡಿತು. ಪಂಪು ನಿಲ್ಲಿಸಿದರು. ಮೂವರೂ ಬಾಗಿ ತಳ ನೋಡಿದರು; ನೀರು ಏರಲಿಲ್ಲ. ರಂಜಿತ್ ಡ್ಯೂಟಿಗೆ ಹೊರಟಾಗ ಮೊಯಿದಿನಬ್ಬ ಅವನ ಕೈ ಹಿಡಿದುಕೊಂಡ. "ಬಿಡಿ ಮಾರಾಯ್ರೆ, ಶುಕ್ರವಾರ ಮೀನು ಹಿಡಿಯಲು ಜಾಗ ಉಳಿಯಿತಲ್ಲ," ಎಂದು ರಂಜಿತ್ ನಕ್ಕ.

ಸುದ್ದಿ ಕೇಳಿ ಅಬೂ ಫಹದ್ ಬಂದರು. ಒದ್ದೆ ಹಾಸಿಗೆಗಳೆಲ್ಲ ಜೆಟ್ಟಿಯ ಮೇಲೆ ಒಣಗುತ್ತಿದ್ದವು. ಅವರು ಬಾಗಿ ತಳದ ಹಲಗೆಯನ್ನು ಸವರಿದರು. ಆಮೇಲೆ ಖದೀಜತ್ ಕಡೆ ನೋಡದೆಯೇ, ಮರ್ಯಾದೆಯಿಂದ, ಮೊಯಿದಿನಬ್ಬನಿಗೆ ಹೇಳಿದರು: "ನೌರಾ ಇದ್ದಿದ್ದರೆ ಇವಳನ್ನು ತಬ್ಬಿಕೊಳ್ಳುತ್ತಿದ್ದಳು ಎಂದು ನಿನ್ನ ಮನೆಯವಳಿಗೆ ಹೇಳು." ಅವನು ಹೇಳಿದ. ಖದೀಜತ್ ಕಣ್ಣೊರೆಸಿಕೊಂಡು ಅವರ ಮುಂದೆ ಬಿಸಿ ಪತ್ತಿರ್, ಮೀನಿನ ಸಾರು ತಂದಿಟ್ಟಳು. ಖಾರಕ್ಕೆ ಮುದುಕರ ಕಣ್ಣಲ್ಲೂ ನೀರು ಬಂತು. ಆದರೂ ತಟ್ಟೆ ಖಾಲಿ ಮಾಡಿದರು.

ವೀಸಾ ಮುಗಿಯುವ ಮುಂಚೆ ಅವರೇ ಕಾರು ಓಡಿಸಿಕೊಂಡು ಇಬ್ಬರನ್ನೂ ಉಮ್ರಾ ಯಾತ್ರೆಗೆ ಮಕ್ಕಾಗೆ ಕರೆದೊಯ್ದರು. ಅಲ್ಲಿ ಏನು ಬೇಡಿಕೊಂಡೆ ಎಂದು ಗಂಡ ಕೇಳಿದ್ದಕ್ಕೆ ಖದೀಜತ್, "ಬೇಡುವುದು ಮರೆತೇ ಹೋಯ್ತು. ದೇವರಿಗೆ ಶುಕ್ರ್ ಹೇಳಿದ್ದೇ ಆಯ್ತು," ಎಂದಳು.

ಆಮೇಲೆ ಅವಳು ಊರಿಗೆ ಹೋದಳು. ಆದರೆ ಈಗ ಪ್ರತಿವರ್ಷ ಚಳಿಗಾಲಕ್ಕೆ ಬರುತ್ತಾಳೆ. ನೌರಾ ಈಗ ಹಿನ್ನೀರಿನ ನಡುವೆ ಲಂಗರು ಹಾಕಿಕೊಂಡಿದೆ. ಅವಳು ಬರುವ ಮೊದಲು ಮೊಯಿದಿನಬ್ಬ ಒಳಗೆಲ್ಲ ತಿಕ್ಕಿ ತೊಳೆಯುತ್ತಾನೆ. ಈ ವರ್ಷ ಅಡುಗೆಯ ಜಾಗಕ್ಕೆ ಒಂದು ಕಿಟಕಿ ಕೊರೆಯಬೇಕೆಂದು ಅವನಿಗೆ ಮನಸ್ಸಾಯಿತು. ಅಬೂ ಫಹದ್ ಒಪ್ಪಿದರು. ಅವನು ಊರಿಗೆ ಫೋನ್ ಮಾಡಿದ.

"ಕಿಟಕಿ ಯಾವ ಬದಿಗೆ ಇಡ್ಲಿ? ಬೆಟ್ಟ ಕಾಣುವ ಕಡೆಗಾ, ಸಮುದ್ರ ಕಾಣುವ ಕಡೆಗಾ?"

"ಎಂತ ಕೇಳ್ತೀರಿ ಮಾರಾಯ್ರೆ?" ಎಂದಳು ಖದೀಜತ್. "ಗಾಳಿ ಬಂದ ಹಾಗೆ ದೋಣಿ ತಿರುಗ್ತದಲ್ಲ? ಒಲೆಯ ಹತ್ತಿರ ಇಡಿ. ಎಲ್ಲ ಕಡೆಯೂ ಕಾಣ್ತದೆ."