ಗೋರಿಯ ಎಡಗಡೆಯಿಂದ

ರೇಸ್ ಮೈದಾನದ ಹಿಂದೆ, ಗೆದ್ದು ಹೆಸರು ಮಾಡಿದ ಹನ್ನೊಂದು ಕುದುರೆಗಳ ಗೋರಿಗಳಿವೆ. ಅವನ್ನು ನೋಡಿಕೊಳ್ಳುವವನನ್ನು ನಾವೆಲ್ಲ ಲಾಯದಣ್ಣ ಅನ್ನುತ್ತೇವೆ. ಮೂವತ್ತು ವರ್ಷ ಕುದುರೆಗಳ ಮೈ ತಿಕ್ಕಿದವನು ಈಗ ಅವುಗಳ ಕಲ್ಲು ತಿಕ್ಕುತ್ತಾನೆ. ಅಭ್ಯಾಸ ಮಾತ್ರ ಬದಲಾಗಿಲ್ಲ. ಕುದುರೆ ಬೆಚ್ಚದಿರಲೆಂದು ಮಾಡುತ್ತಿದ್ದ ಹಾಗೆಯೇ, ಮೊದಲು ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ, ಆಮೇಲೆ ಎಡಗಡೆಯಿಂದ ಗೋರಿಯ ಹತ್ತಿರ ಹೋಗುತ್ತಾನೆ. ಹಿಂದುಗಡೆ ಅಪ್ಪಿತಪ್ಪಿಯೂ ಸುಳಿಯುವುದಿಲ್ಲ. ಅಲ್ಲಿ ಕಳೆ ಮೊಣಕಾಲುದ್ದ ಬೆಳೆದಿದೆ.

ಮೊನ್ನೆ ಊಟದ ಡಬ್ಬಿ ತಂದ ಹೆಂಡತಿ, ಐದು ಕಪ್ ಗೆದ್ದ ಕರಿ ಕುದುರೆಯ ಗೋರಿಯ ಹಿಂದಿನಿಂದ ಬರುತ್ತಿದ್ದಳು. ಲಾಯದಣ್ಣ ಪೊರಕೆ ಬಿಸಾಡಿ ಓಡಿಬಂದು ಅವಳ ತೋಳು ಹಿಡಿದೆಳೆದ.

“ಹಿಂದೆ ನಿಲ್ಲಬೇಡ ಕಣೇ, ಇದು ಒದೆಯೋ ಕುದುರೆ.”

“ಸತ್ತು ಒಂಬತ್ತು ವರ್ಷ ಆಯ್ತಲ್ರೀ.”

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದನ್ನ ಬರೀ ಹೂತಿರೋದು.”

ಅವಳು ಡಬ್ಬಿಯನ್ನು ಅವನ ಕೈಗಿಟ್ಟಳು. “ಸತ್ತ ಕುದುರೆಗೆ ಇಷ್ಟು ಮರ್ಯಾದೆ. ನಾನು ಒಲೆ ಮುಂದೆ ನಿಂತಿರೋವಾಗ ದಿನಾ ಹಿಂದಿನಿಂದ ಬಂದು ‘ಕಾಫಿ’ ಅಂತ ಕೂಗಿ ಬೆಚ್ಚಿಬೀಳಿಸ್ತೀರಲ್ಲ,” ಎಂದು ಹೇಳಿ, ಬಂದ ದಾರಿಯಲ್ಲೇ, ಗೋರಿಯ ಹಿಂದಿನಿಂದಲೇ ಹೊರಟುಹೋದಳು.

ಲಾಯದಣ್ಣ ಅವತ್ತು ಸಂಜೆ ಮನೆಗೆ ಹೋದವನು ಅಡುಗೆಮನೆಯ ಬಾಗಿಲಲ್ಲಿ ಎಡಕ್ಕೆ ಸರಿದು ನಿಂತು, ಮೆಲ್ಲಗೆ ಲೊಚ್ ಲೊಚ್ ಅಂದ.

ಹೆಂಡತಿ ತಿರುಗಲೂ ಇಲ್ಲ. “ಒದೆಯಲ್ಲ, ಬನ್ನಿ,” ಎಂದಳು.