ತಿಮ್ಮಣ್ಣನ ಕೆಂಪು ಮೂತ್ರ

ಬೆಳಿಗ್ಗೆ ನಮ್ಮ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಜಗಳ ನಡೆಯಿತು ಗೆಳೆಯರೇ. ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಕೆಲಸ ಮಾಡುವ ಜಾನಕಕ್ಕ ಗಂಡ ತಿಮ್ಮಣ್ಣನನ್ನು ಕೈಹಿಡಿದು ಕರೆತಂದು, ಅವರ ಟಿಬಿ ಮಾತ್ರೆಗಳನ್ನು ನನ್ನ ಮುಂದೆ ಕುಕ್ಕಿದರು. ಹೆಸರು ಬದಲಿಸಿದ್ದೇನೆ.

"ಇದನ್ನು ನೀವೇ ಇಟ್ಕೊಳ್ಳಿ ಮೇಡಂ. ಇವರಿಗೆ ಉಚ್ಚೆಯಲ್ಲಿ ರಕ್ತ ಹೋಗ್ತಾ ಉಂಟು. ನಿನ್ನೆ ನಾನೇ ಮಾತ್ರೆ ನಿಲ್ಲಿಸಿದೆ."

ತಿಮ್ಮಣ್ಣ ತಲೆ ಎತ್ತಲಿಲ್ಲ. ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ದೆ. ಅವರು ಮೂತ್ರ ಪರೀಕ್ಷೆ ಮಾಡಿಸಿದರು. ರಕ್ತದ ಸುಳಿವೇ ಇರಲಿಲ್ಲ.

"ಅದು ಮಾತ್ರೆಯದ್ದೇ ಬಣ್ಣ ಅಕ್ಕ," ಎಂದೆ. "ಔಷಧಿ ಒಳಗೆ ಹೋಗಿ ರೋಗಾಣು ಕೊಲ್ತದೆ. ಕೆಲಸ ಮುಗಿದ ಮೇಲೆ ದೇಹ ಅದನ್ನು ಹೊರಗೆ ಹಾಕ್ತದೆ. ಸ್ವಲ್ಪ ಮೂತ್ರದಲ್ಲಿ, ಸ್ವಲ್ಪ ಬೆವರಲ್ಲೂ ಬರ್ತದೆ. ಹೊರಗೆ ಹೋಗೋದ್ರಿಂದಲೇ ದಿನಾ ನುಂಗಬೇಕು. ನಡುವೆ ನಿಲ್ಲಿಸಿದ್ರೆ ಉಳಿದ ರೋಗಾಣು ಹೆಚ್ಚಾಗಿ, ಆಮೇಲೆ ಈ ಮಾತ್ರೆಗೆ ಬಗ್ಗದೇ ಹೋಗಬಹುದು."

"ಇದನ್ನು ಮೊದಲೇ ಹೇಳ್ಬಾರದಿತ್ತಾ?" ಜಾನಕಕ್ಕ ಸಿಡುಕಿದರು.

ತಿಮ್ಮಣ್ಣ ಆಗ ಬಾಯಿ ಬಿಟ್ಟರು. "ಹೇಳಿದ್ರು. ನನಗೆ ಟಿಬಿ ಅಂದದ್ದು ಮಾತ್ರ ಕೇಳಿತ್ತು."

ಜಾನಕಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನೀರಿನ ಬಾಟಲಿ ತೆರೆದು, ಡಾಕ್ಟರ ಮುಂದೆಯೇ ಗಂಡನಿಗೆ ಮಾತ್ರೆ ನುಂಗಿಸಿದರು.

ಹೊರಡುವಾಗ ತಿಮ್ಮಣ್ಣ ಕಿಟಕಿಯತ್ತ ಬಗ್ಗಿ ಮೆಲ್ಲಗೆ ಕೇಳಿದರು. "ಮೇಡಂ, ಇನ್ನು ನಾನು ಉಳಿಯುದಿಲ್ಲ ಅಂತ ನಿನ್ನೆ ಅಳಿಯನಿಗೆ ನನ್ನ ವಾಚ್ ಕೊಟ್ಟುಬಿಟ್ಟೆ. ಈಗ ವಾಪಸ್ ಕೇಳುದು ಹೇಗೆ?"

ಔಷಧಿ ಮೈಯಿಂದ ಹೊರಬರುವ ದಾರಿ ನನಗೆ ಗೊತ್ತು. ಅಳಿಯನ ಕೈಯಿಂದ ವಾಚ್ ಹೊರಬರುವ ದಾರಿ ಬಲ್ಲವರು ಇದ್ದರೆ ತಿಳಿಸಿ.