ಬೆಂಚಿನ ಕೆಳಗಿನ ಇಂಗ್ಲಿಷ್

ಇದನ್ನು ಹೇಳುವುದನ್ನು ಐವತ್ತಕ್ಕೂ ಹೆಚ್ಚು ವರ್ಷ ಮುಂದೂಡಿದ್ದೇನೆ. ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗಳು ಮಾನ್ಯ ಪ್ರತಿ ಶನಿವಾರ ಲ್ಯಾಪ್‌ಟಾಪಿನಲ್ಲಿ, ಯುದ್ಧ ನಡೆಯುತ್ತಿರುವ ನಾಡಿನ ಹುಡುಗಿಯೊಬ್ಬಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಮೊನ್ನೆ ಪಾಠದ ನಡುವೆ ಆ ಕಡೆ ಸೈರನ್ ಕೂಗಿತು. ಹುಡುಗಿ ಎದ್ದು ಓಡಿದಳು.

"ಅಜ್ಜ, ನಿಮ್ ಸ್ಕೂಲಲ್ಲೂ ವಾರ್ ಇತ್ತಲ್ವಾ? ವಾಟ್ ಡಿಡ್ ಯೂ ಡೂ?" ಎಂದಳು ಮಾನ್ಯ.

"ಬೆಂಚಿನ ಕೆಳಗೆ ಮಲಗ್ತಿದ್ವಿ ಮಗಾ" ಎಂದಷ್ಟೇ ಹೇಳಿದೆ. ಉಳಿದದ್ದು ಇಲ್ಲಿದೆ.

ಆಗ ನಾವು ಮುಂಬೈಯಲ್ಲಿದ್ದೆವು. ನಾನು ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸು. ಎಪ್ಪತ್ತೊಂದರ ಯುದ್ಧದ ಆ ಚಳಿಗಾಲದಲ್ಲಿ, ಬೆಳಕು ಹೊರಗೆ ಕಾಣದಂತೆ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಕೋಣೆಯ ತುಂಬ ಮೈದಾ ಅಂಟಿನ ಹುಳಿ ವಾಸನೆ. ಸೈರನ್ ಕೂಗಿದರೆ ಕಿವಿಗೆ ಹತ್ತಿ, ಹಲ್ಲಿನ ನಡುವೆ ಕರ್ಚೀಫು, ಬೆಂಚಿನ ಕೆಳಗೆ ಬೋರಲು. ವಿಮಾನ ನೋಡುವ ಆಸೆ ಎಲ್ಲರಿಗೂ. ಕಾಣುತ್ತಿದ್ದುದು ಮುಂದಿನವನ ಅಂಗಾಲು ಮಾತ್ರ. ಇಂಗ್ಲಿಷಿನ ಸುಮತಿ ಟೀಚರ್ ಅಲ್ಲೂ ಬಿಡುತ್ತಿರಲಿಲ್ಲ. "ವೇರ್ ಆರ್ ಯೂ?" ಎಂದು ಗಟ್ಟಿಯಾಗಿ ಕೇಳುವರು. ಕರ್ಚೀಫು ಕಚ್ಚಿಕೊಂಡೇ "ಅಂಡರ್ ದ ಬೆಂಚ್" ಎನ್ನಬೇಕು. ಬಾಂಬು ಬೀಳುವ ಹೊತ್ತಿಗೆ ಇಂಗ್ಲಿಷ್ ಯಾಕೆ ಎಂದು ನನಗೆ ದೊಡ್ಡ ಕುತೂಹಲ. ನಮ್ಮ ಹೆದರಿಕೆ ಮರೆಸುತ್ತಿದ್ದರೆಂದು ಈಗ ತೋರುತ್ತದೆ.

ಒಂದು ದಿನ ನನಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಬಂದಿರಲಿಲ್ಲ. ಒಪ್ಪಿಸುವ ಸರದಿ ಹತ್ತಿರ ಬಂತು. ತಲೆ ತಗ್ಗಿಸಿ, ಖಾಲಿ ಟಿಫಿನ್ ಡಬ್ಬಿಗೆ ಬಾಯಿಟ್ಟು, ಸೈರನ್ನಿನಂತೆ ಕೂಗಿದೆ. ಎಲ್ಲರೂ ನೆಲಕ್ಕೆ ಬಿದ್ದರು, ಮಂಡಿನೋವಿನ ಟೀಚರ್ ಕೂಡ. ಎದ್ದಾಗ ಮಂಡಿಯ ಹತ್ತಿರ ಅವರ ಸೀರೆಗೆ ರಕ್ತ ಅಂಟಿತ್ತು.

"ಯಾರದು ಕೂಗಿದ್ದು?"

ಪಕ್ಕದಲ್ಲಿದ್ದ ನನ್ನ ಗೆಳೆಯ ನಕ್ಕುಬಿಟ್ಟ. ಲೋಕಲ್ ಟ್ರೈನು, ಹೆಡ್ಮಾಸ್ತರರ ಕೆಮ್ಮು, ಎಲ್ಲವನ್ನೂ ಅಣಕಿಸುವವನು ಅವನೇ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿದ್ದುದೂ ಅವನಿಗೇ. ಟೀಚರ್ ಅವನತ್ತ ತಿರುಗಿದರು.

"ನಾನಲ್ಲ ಟೀಚರ್, ದೇವರಾಣೆ! ಬೇಕಾದ್ರೆ ಇವನತ್ರ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದ.

"ಇವನೇ ಟೀಚರ್" ಎಂದೆ.

ವಾರವಿಡೀ ಇಂಗ್ಲಿಷ್ ಕ್ಲಾಸಿನ ಹೊತ್ತು ಅವನು ವರಾಂಡದಲ್ಲಿ ನಿಲ್ಲಬೇಕೆಂದು ಶಿಕ್ಷೆಯಾಯಿತು. ಮೂರನೆಯ ದಿನ ನಿಜವಾದ ಸೈರನ್ ಕೂಗಿತು. ನಾವು ಬೆಂಚಿನ ಕೆಳಗೆ ತೂರಿದೆವು. ಟೀಚರ್ ಕುಂಟುತ್ತ ಹೊರಗೆ ಓಡಿದರು, ಅವನು ಅಲ್ಲಿರಲಿಲ್ಲ. ಕೊನೆಗೆ ಮೆಟ್ಟಿಲ ಕೆಳಗೆ ಸಿಕ್ಕ, ಚಡ್ಡಿ ಒದ್ದೆ ಮಾಡಿಕೊಂಡು. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ; ಅಜ್ಜಿಯ ಊರಿಗೆ ಕಳಿಸಿದರಂತೆ.

ಬಾಂಬು ಬೀಳಲಿಲ್ಲ, ಯುದ್ಧವೂ ಮುಗಿಯಿತು. ಹೈಸ್ಕೂಲು ಮುಗಿಸುವ ತನಕ ಹಾಗೆ ನಗಿಸುವವನು ಇನ್ನೊಬ್ಬ ಸಿಗಲಿಲ್ಲ. ಮುಂದೆ ಎರಡು ಸಲ ಅವನ ಅಜ್ಜಿಯ ಊರಿನ ಮೇಲೆಯೇ ಬಸ್ಸಿನಲ್ಲಿ ಹೋದೆ, ಇಳಿಯಲಿಲ್ಲ. ಇಂಗ್ಲಿಷ್ ಮುಂದುವರಿಸಿದನೋ ಬಿಟ್ಟನೋ, ಬದುಕಿದ್ದಾನೋ ಇಲ್ಲವೋ, ತಿಳಿಯದು.

ಅವತ್ತು ಕೂಗಿದ್ದು ನಾನು ಕಣೋ, ಸದಾನಂದ.